ದೊಡ್ಡಪ್ಪನ ಜೋಡಿ ಕುರ್ಚಿ

ಕುರ್ಚಿ ಒಯ್ಯಲು ಬಂದ ವ್ಯಾನು ಕೊಟ್ಟೂರಿನ ನಮ್ಮ ಓಣಿಯಲ್ಲಿ ನಿಂತಾಗ, ಎರಡರಲ್ಲಿ ಯಾವುದನ್ನು ಕೊಡಬೇಕೆಂದು ನನಗೆ ಖಚಿತವಾಗಿ ಗೊತ್ತಿತ್ತು. ಅಥವಾ ಗೊತ್ತಿದೆ ಎಂದುಕೊಂಡಿದ್ದೆ.

ದೊಡ್ಡಪ್ಪನದು ಮರಗೆಲಸದ ಅಂಗಡಿ. ಹರೆಯದಲ್ಲಿ ಆತ ಜಿಲ್ಲಾ ಪ್ರದರ್ಶನಕ್ಕೆಂದು ಒಂದು ಜೋಡಿ ಕುರ್ಚಿ ಮಾಡಿದ್ದ. ಕೆತ್ತನೆ ಇಲ್ಲ, ಹೊರಕ್ಕೆ ಚಾಚಿದ ಸಣ್ಣ ಕಾಲು, ಹಿಂದಕ್ಕೆ ಒರಗಿದ ಬೆನ್ನು. "ಈಗ ಹುಟ್ಟಿದ ಆಡಿನ ಮರಿ ನಿಂತಂಗ ನಿಂತಾವಲ್ಲೋ" ಎಂದು ಜನ ನಕ್ಕರಂತೆ. ಮಾರಾಟವಾಗದೆ ಮನೆಗೆ ಬಂದವು. ಆ ಕಾಲದ ಅಂಥ ಸಾಮಾನಿಗೆ ಈಗ ಬೆಲೆ ಬಂದಿದೆ. ಸಣ್ಣ ಊರುಗಳ ಕುರ್ಚಿ ಮೇಜುಗಳ ಪ್ರದರ್ಶನವೊಂದು ಹರಪನಹಳ್ಳಿಯಲ್ಲಿ ಶುರುವಾಗಿ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಂದು ವರ್ಷವಿಡೀ ತಿರುಗುವುದಿತ್ತು. ಪ್ರದರ್ಶನದವರ ಬಳಿ ಜಾಗವಿದ್ದದ್ದು ಒಂದೇ ಕುರ್ಚಿಗೆ.

ದೊಡ್ಡಮ್ಮ ಒಪ್ಪಿದ್ದಳು, ಒಂದು ಷರತ್ತಿನ ಮೇಲೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಕುಳ್ಳಿರಿಸಿ, ಜನ ನೋಡಿದ ಮೇಲೆ ಕೂತಂತೆಯೇ ಒಯ್ಯುತ್ತಾರೆ. ದೊಡ್ಡಪ್ಪನನ್ನು ಕುಳ್ಳಿರಿಸಿದ್ದು ಆತನೇ ಮಾಡಿದ ಆ ಜೋಡಿಯ ಒಂದು ಕುರ್ಚಿಯಲ್ಲಿ.

"ಅದನ್ನ ಕೊಡಬ್ಯಾಡ. ನನ್ನೂ ಅದರಾಗೇ ಕುಂದ್ರಸ್ರಿ. ನಾ ಹೋದಾಗ ಕುರ್ಚಿ ಕೂಡ್ಲಿಗ್ಯಾಗ ಇದ್ರ ಏನ್ಮಾಡ್ತಿ? ಅದು ಬರೂತನಕ ತಡಕೊಂಡಿರ್ಲೇನು?" ಎಂದಿದ್ದಳು.

ಆ ಕುರ್ಚಿಯನ್ನು ಗುರುತಿಸಲು ನನಗಿದ್ದ ಕುರುಹು ಮೊಳೆ. ಕುರ್ಚಿಯ ಬೆನ್ನು ಒರಗಿದ್ದರಿಂದ ಹೆಣ ನೆಟ್ಟಗೆ ಕೂರಲಿಲ್ಲ. ಯಾರೋ ಹಿಂದೆ ಹಲಗೆ ಬಡಿದರು. ನಾನಾಗ ಶಾಲೆಗೆ ಹೋಗುವ ಹುಡುಗಿ. ಅಳುವಿನ ನಡುವೆ ಕೇಳಿ ಬೆಚ್ಚಿದ ಸುತ್ತಿಗೆಯ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಬೆನ್ನಿನ ಪಟ್ಟಿಯಲ್ಲಿ ಮೊಳೆಯ ತೂತು ಇರುವುದೇ ದೊಡ್ಡಪ್ಪನ ಕುರ್ಚಿ.

ವ್ಯಾನಿನಲ್ಲಿ ಬಂದಿದ್ದ ಪ್ರದರ್ಶನದ ಹುಡುಗಿ ಎರಡನ್ನೂ ಅಂಗಳಕ್ಕೆ ತರಿಸಿದಳು. ಮೊದಲನೆಯದನ್ನು ತಿರುಗಿಸಿದೆ. ತೂತುಗಳಿದ್ದವು. ಸಮಾಧಾನವಾಯಿತು. ಸುಮ್ಮನೆ ಇನ್ನೊಂದನ್ನೂ ತಿರುಗಿಸಿದೆ.

ಅದರಲ್ಲೂ ಇದ್ದವು.

"ದೊಡ್ಡವ್ವ, ಎರಡಕ್ಕೂ ಮೊಳಿ ಬಡದಾರ!"

"ಬಡೀದ ಇರ್ತಾರೇನು? ನಮ್ಮ ಅತ್ತಿಯನ್ನೂ ಇನ್ನೊಂದ್ರಾಗ ಹಂಗೇ ಕುಂದ್ರಿಸಿದ್ವಿ. ನೀ ಆಗ ಹುಟ್ಟಿದ್ದಿಲ್ಲ."

ಒಂದು ಅಜ್ಜಿಯದು, ಒಂದು ದೊಡ್ಡಪ್ಪನದು. ಯಾವುದು ಯಾರದು? ದೊಡ್ಡಮ್ಮ ಎರಡರ ಕೈಯನ್ನೂ ಸವರಿದಳು. ಕಣ್ಣಿಗೆ ಪೊರೆ ಬಂದಿದೆ. ಒಂದರ ಹತ್ತಿರ ನಿಂತಳು, ಇನ್ನೊಂದರತ್ತ ಹೋದಳು, ಮತ್ತೆ ತಿರುಗಿ ಬಂದಳು.

"ಲಗೂನ ಹೇಳ್ರಿ ಅಕ್ಕಾರ, ಮಧ್ಯಾಹ್ನ ಉದ್ಘಾಟನೆ ಐತಿ" ಎಂದಳು ಹುಡುಗಿ. "ಎರಡೂ ಒಂದೇ ನಮೂನಿ ಅದಾವಲ್ಲ, ಯಾವ್ದಾದ್ರೂ ಆಗ್ತೈತಿ ನಮಗ."

"ನಿಮಗ ಆಗ್ತೈತವ್ವ" ಎಂದಳು ದೊಡ್ಡಮ್ಮ. ಆಮೇಲೆ ನನ್ನ ತೋಳು ಹಿಡಿದಳು. "ನೀ ಅವತ್ತು ಬಾಗಲದಾಗ ನಿಂತಿದ್ದಿ. ಓದಿದಾಕಿ ಅದಿ, ನಿನಗ ನೆಪ್ಪು ಇರತೈತಿ. ಹೇಳು."

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು ನಾನು. ಒಂಟಿ ಸಾಕ್ಷಿಯನ್ನು ನಂಬಬಾರದೆಂದು ಅಲ್ಲಿ ಕಲಿಸಿದ್ದರು. ಇಲ್ಲಿ ಆ ಒಂಟಿ ಸಾಕ್ಷಿ ನಾನೇ. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಅವತ್ತಿನ ಬಾಗಿಲಲ್ಲಿ ನಿಂತೆ. ಹೂವು, ವಿಭೂತಿ, ಹೆಂಗಸರ ಬೆನ್ನು. ಕುರ್ಚಿಯೇ ಕಾಣಲಿಲ್ಲ. ಅದು ಅವತ್ತಾದರೂ ಕಂಡಿತ್ತೇ? ಸುತ್ತಿಗೆಯ ಸದ್ದನ್ನಾದರೂ ನಾನು ಕೇಳಿದ್ದೆನೋ, ಆಮೇಲೆ ಯಾರೋ ಹೇಳಿದ್ದು ಕಿವಿಯಲ್ಲಿ ಉಳಿಯಿತೋ?

ಗೊತ್ತಿಲ್ಲ ಎಂದರೆ ವ್ಯಾನು ಬರಿದಾಗಿ ಹೋಗುತ್ತದೆ. ಜನ ನಕ್ಕಿದ್ದ ಕುರ್ಚಿಯನ್ನು ಈ ಊರುಗಳು ಮತ್ತೆ ನೋಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ತೋಳು ಹಿಡಿದ ಕೈ ಉಳಿದ ದಿನಗಳನ್ನೆಲ್ಲ ಎರಡು ಕುರ್ಚಿಗಳ ನಡುವೆ ತಡಕಾಡುತ್ತಾ ಕಳೆಯುತ್ತದೆ.

ಗೋಡೆಯ ಕಡೆಗಿದ್ದುದರ ಮೇಲೆ ಕೈಯಿಟ್ಟೆ. "ಇದು ದೊಡ್ಡಪ್ಪಂದು."

"ಖರೇನ?"

"ಖರೇ."

ಹುಡುಗಿ ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿಸಿ ವ್ಯಾನಿಗೇರಿಸಿದಳು. ವ್ಯಾನು ಓಣಿ ದಾಟಿತು. ದೊಡ್ಡಮ್ಮ ಸೆರಗಿನಿಂದ ಉಳಿದ ಕುರ್ಚಿಯ ಧೂಳು ಒರೆಸಿ, ಮೆಲ್ಲಗೆ ಕೂತು, ಕಣ್ಣು ಮುಚ್ಚಿದಳು. ಇದಲ್ಲ ಎನ್ನುತ್ತಾಳೇನೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಳು.

"ಏನು ಹಂಗ ನೋಡ್ತಿ? ಚಾ ಇಡು ಹೋಗು."