ಬೇಡ ಅನ್ನುವವರು ಬೇಕಾಗಿದ್ದಾರೆ

ಕಟ್ಟಡದ ಮಂದಿಗೆಲ್ಲ ಅವರು ‘ಆದ್ರೆ ಅತ್ತೆ’. ಕಸುಬು ಹೊಲಿಗೆ. ನಿವಾಸಿಗಳ ಸಭೆಯಲ್ಲಿ ಯಾರು ಏನೇ ಹೇಳಲಿ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ರವಿಕೆಯ ತೋಳಿಗೆ ಸಿಕ್ಕಿಸಿ, “ಅದು ಸರಿ, ಆದ್ರೆ...” ಎಂದು ಶುರು ಮಾಡುತ್ತಿದ್ದರು. ಮೆಟ್ಟಿಲಿಗೆ ಬಣ್ಣ ಬಳಿಯೋಣ ಎಂದರೂ ಆದ್ರೆ, ಬೇಡ ಎಂದರೂ ಆದ್ರೆ. ಅಧ್ಯಕ್ಷರಾದ ಬೇಕರಿಯವರು ತಲೆನೋವಿನ ಮಾತ್ರೆ ನುಂಗಿಯೇ ಸಭೆಗೆ ಬರುತ್ತಿದ್ದರು.

ಅಲ್ಲಿರುವವರು ಹತ್ತೂರಿನ ಜನ. ಒಂದು ಮನೆಯ ಮಾತು ಪಕ್ಕದ ಮನೆಗೆ ಅರ್ಥವಾಗದು, ಒಬ್ಬರ ದೇವರು ಇನ್ನೊಬ್ಬರಿಗೆ ಪರಿಚಯವಿಲ್ಲ. ಅಂಥವರು ಹಿಂದೊಮ್ಮೆ ನೀರಿನ ಪಂಪನ್ನು ಮಧ್ಯಾಹ್ನ ಓಡಿಸುವುದೆಂದು ಒಂದೇ ದನಿಯಲ್ಲಿ ತೀರ್ಮಾನಿಸಿ, ಒಗ್ಗಟ್ಟೆಂದರೆ ಇದಪ್ಪ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು. ಪಂಪಿನ ಪಕ್ಕದ ಕೋಣೆಗೆ ಆಗಷ್ಟೇ ಬಂದಿದ್ದ ನರ್ಸಮ್ಮ ರಾತ್ರಿ ಪಾಳಿಯವಳು, ಹಗಲು ಮಲಗಬೇಕಾದವಳು. ಹೊಸಬಳು, ಭಾಷೆ ಬೇರೆ ಅಷ್ಟಕ್ಕಷ್ಟೆ. ಎಲ್ಲರೂ ಕೈ ಎತ್ತಿದರಲ್ಲ ಎಂದು ತಾನೂ ಎತ್ತಿದ್ದಳು. ದಿನಗಟ್ಟಲೆ ನಿದ್ದೆಗೆಟ್ಟು, ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಕೂತಲ್ಲೇ ತೂಕಡಿಸಿ ಉರುಳಿ ಕೈ ಮುರಿದುಕೊಂಡಾಗಲೇ ವಿಷಯ ಹೊರಬಿದ್ದದ್ದು.

ಆಗ ಅತ್ತೆ ಒಂದು ನಿಯಮ ತಂದರು. “ಎಲ್ರೂ ಒಪ್ಪಿದ್ರು ಅಂದ್ರೆ ಯಾರೋ ಒಬ್ರು ಬಾಯಿ ಮುಚ್ಕೊಂಡು ಕೂತಿದ್ದಾರೆ ಅಂತ ಅರ್ಥ. ಇನ್ಮೇಲೆ ಒಬ್ರಾದ್ರೂ ಎದ್ದು ಬೇಡ ಅಂದು, ಯಾಕೆ ಬೇಡ ಅಂತ ಹೇಳೋವರೆಗೂ ಏನೂ ಪಾಸಾಗಬಾರದು. ಯಾರ ಅನುಕೂಲಕ್ಕೆ ಚರ್ಚೆ ನಡೀತಿದೆಯೋ ಅವರು ಮಾತ್ರ ಬೇಡ ಅನ್ನೋ ಹಾಗಿಲ್ಲ, ಅದು ಬರೀ ನಾಟಕ ಆಗುತ್ತೆ.” ಬೇಕರಿಯವರು ಈ ನಿಯಮ ಬೇಡ ಎಂದರು, ಯಾಕೆಂದೂ ಹೇಳಿದರು. ಹಾಗಾಗಿ ಅದು ಪಾಸಾಯಿತು.

ಅಂದಿನಿಂದ ಬೇಡ ಎನ್ನುವ ಕೆಲಸ ಅತ್ತೆಯ ತಲೆಗೇ ಬಿತ್ತು. ತಮಗಿಷ್ಟವಾದದ್ದನ್ನೂ ಮೊದಲು ವಿರೋಧಿಸಿ, ಆಮೇಲೆ ಅದರ ಪರವಾಗಿ ಕೈ ಎತ್ತುತ್ತಿದ್ದರು. ಉಳಿದವರು ಯಾವ ಖರ್ಚೂ ಇಲ್ಲದೆ ಒಳ್ಳೆಯವರಾಗಿ ಉಳಿದರು. ಅತ್ತೆ ತಕರಾರು ತೆಗೆದದ್ದರಿಂದಲೇ ಮಕ್ಕಳ ಉಯ್ಯಾಲೆ ಗೋಡೆಗೆ ಬಡಿಯದ ಕಡೆಗೆ ಹೋಯಿತು. ಆದರೂ ಮಕ್ಕಳು ಇವತ್ತಿಗೂ ಅತ್ತೆಯನ್ನು ಕಂಡರೆ ಉಯ್ಯಾಲೆ ಬಿಟ್ಟು ಓಡುತ್ತಾರೆ.

ಅತ್ತೆಗೆ ವಯಸ್ಸಾಯಿತು, ಮೊಣಕಾಲು ಕೈಕೊಟ್ಟಿತು. ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಲಿಫ್ಟ್ ಹಾಕಿಸೋಣ ಎಂದಾಗ ಅತ್ತೆಯೇ ಎತ್ತಿದ್ದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿರಲಿಲ್ಲ. ಬಟ್ಟೆ ಹೊಲಿಸುವವರು ಅಷ್ಟೆತ್ತರ ಹತ್ತಿ ಬರುವುದನ್ನು ಬಿಟ್ಟರು. ಹೊಲಿಗೆ ಯಂತ್ರ ಧೂಳು ಹಿಡಿಯಿತು. ಕೈಯಲ್ಲಿ ಕೆಲಸವಿಲ್ಲದ ದಿನಗಳನ್ನು ಕಂಡು ಅತ್ತೆಗೆ ನಿಜವಾಗಿ ಹೆದರಿಕೆಯಾಯಿತು. ಅಷ್ಟರಲ್ಲಿ ನೆಲಮಹಡಿಯ ಗಡಿಯಾರ ರಿಪೇರಿಯವರು ತಮ್ಮ ಕೋಣೆ ಖಾಲಿ ಮಾಡಿದರು. ಅದನ್ನು ಅತ್ತೆಯ ಹೊಲಿಗೆಗೆ ಕೊಡೋಣವೆಂದು ಸೂಚಿಸಿದ್ದು ನರ್ಸಮ್ಮನೇ. ಭಾನುವಾರದ ಸಭೆಯಲ್ಲಿ ತೀರ್ಮಾನವಾಗದಿದ್ದರೆ, ಕಟ್ಟಡದ ಮಾಲೀಕರು ಮರುದಿನವೇ ಅದನ್ನು ಹೊರಗಿನವರ ಗೋದಾಮಿಗೆ ಕೊಡುವವರಿದ್ದರು.

“ವಿರುದ್ಧ ಮಾತಾಡೋರು ಯಾರಾದ್ರೂ ಇದ್ದೀರಾ?” ಬೇಕರಿಯವರು ಕೇಳಿದರು.

ಕಾಲುನೋವಿನ ಹೆಂಗಸಿಗೆ ಕೋಣೆ ಬೇಡವೆಂದು ಯಾರು ತಾನೇ ಕೆಟ್ಟವರಾದಾರು?

“ಒಂದೇ ಒಂದು ಮಾತು ಹೇಳ್ರಪ್ಪಾ,” ಎಂದು ಬೇಕರಿಯವರು ಗೋಗರೆದರು. ಎಲ್ಲರೂ ಅತ್ತೆಯನ್ನು ಪ್ರೀತಿಯಿಂದ ನೋಡಿದರು. ಆ ಪ್ರೀತಿಯಲ್ಲೇ ಕೋಣೆ ಕೈತಪ್ಪುವುದರಲ್ಲಿತ್ತು.

“ನಾನೇ ಹೇಳ್ತೀನಿ,” ಎಂದು ಅತ್ತೆ ಎದ್ದರು.

“ನಿಮ್ಮ ವಿಷಯ, ನೀವು ಬೇಡ ಅನ್ನೋ ಹಾಗಿಲ್ಲ. ನಿಮ್ಮದೇ ನಿಯಮ.” ಇದನ್ನು ಹೇಳುವಾಗ ಬೇಕರಿಯವರಿಗೆ ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ. “ಹೋಗ್ಲಿ, ನಾನೇ ಬೇಡ ಅಂತೀನಿ.”

“ಯಾಕೆ ಬೇಡ?” ಅತ್ತೆ ಬಿಡಲಿಲ್ಲ.

ಬೇಕರಿಯವರು ತಲೆ ಕೆರೆದುಕೊಂಡರು. “ಸುಮ್ನೆ.”

“ಸುಮ್ನೆ ಅನ್ನೋದು ಲೆಕ್ಕಕ್ಕಿಲ್ಲ. ಕೂತ್ಕೊಳ್ಳಿ,” ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ಹಟವೆಂದರೆ ಇದು. ಕೋಣೆ ಹೋದರೂ ಸರಿ, ನಿಯಮ ಹೋಗಬಾರದು.

ಆಗ ಹಿಂದಿನ ಬೆಂಚಿನಿಂದ ಅತ್ತೆಯ ಸ್ವಂತ ಸೊಸೆ ಎದ್ದಳು. ಮನೆಯಲ್ಲಿ ಅತ್ತೆಯೊಡನೆ ಅವಳಾಡುವ ಜಗಳ ಕೆಳಗಿನ ಮಹಡಿಗಳಿಗೆಲ್ಲ ಕೇಳಿಸುತ್ತಿತ್ತು. ಸಭೆಯಲ್ಲಿ ಮಾತ್ರ ಅವಳು ಎಂದೂ ಬಾಯಿ ಬಿಟ್ಟವಳಲ್ಲ.

“ನನಗೆ ಬೇಡ,” ಎಂದಳು. ಅವಳ ಗಂಡ, ಬಸ್ ಡ್ರೈವರು, ಮೆಲ್ಲಗೆ ಕಂಬದ ಹಿಂದೆ ಸರಿದ.

“ಯಾಕಮ್ಮಾ?” ಬೇಕರಿಯವರು ಕೇಳಿದರು.

“ಯಜಮಾನ್ರು ಬೆಳಗ್ಗೇನೇ ಬಸ್ ಹತ್ತಿಬಿಡ್ತಾರೆ. ಇವರೂ ಕೆಳಗಿಳಿದು ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಅಡುಗೆಗೆ ಉಪ್ಪು ಜಾಸ್ತಿ ಆಯ್ತು ಅಂತ ಹೇಳೋಕೂ ಒಂದು ಜೀವ ಬೇಡ್ವಾ? ನಿಮಗೆಲ್ಲ ಅತ್ತೆ ಕಾಲುನೋವು ಕಾಣ್ಸುತ್ತೆ. ಇಡೀ ದಿನ ಒಬ್ಳೇ ಇರೋದು ಅಂದ್ರೆ ನನಗೆ ಭಯ.”

ಕಟ್ಟಡದವರು ನುಂಗಿಕೊಂಡ ಮಾತನ್ನೆಲ್ಲ ಹೊರಗೆಳೆದ ಅತ್ತೆಗೆ ತಮ್ಮ ಅಡುಗೆಮನೆಯ ಈ ಮಾತು ಕೇಳಿಸಿರಲೇ ಇಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

“ಇದು ಲೆಕ್ಕಕ್ಕಿದೆಯಾ?” ಬೇಕರಿಯವರು ಅತ್ತೆಯನ್ನೇ ಕೇಳಿದರು.

“ಇದೆ,” ಎಂದರು ಅತ್ತೆ.

ಆ ಕೋಣೆಯಲ್ಲಿ ಎರಡು ಕುರ್ಚಿಗೆ ಜಾಗ ಇದೆಯಲ್ಲ ಎಂದಳು ನರ್ಸಮ್ಮ. ಎರಡು ಕುರ್ಚಿ ಸಮೇತ ಪಾಸಾಯಿತು. ಸೊಸೆ ಆಗಲೂ ವಿರುದ್ಧವಾಗಿಯೇ ಕೈ ಎತ್ತಿದಳು.

ಮನೆಗೆ ಹತ್ತುವಾಗ ಮೂರನೇ ಮಹಡಿಯಲ್ಲಿ ಅತ್ತೆ ದಮ್ಮು ಹತ್ತಿ ನಿಂತರು. “ಚೆನ್ನಾಗೇ ಮಾತಾಡಿದೆ. ಆದ್ರೆ ಉಪ್ಪಿನ ವಿಷಯ ಅಲ್ಲಿ ಎತ್ತಬಾರದಿತ್ತು.”

“ದಿನಾ ಜಾಸ್ತಿ ಅಂತೀರಲ್ಲ?”

“ಒಂದಿನಾನೂ ಜಾಸ್ತಿ ಇರ್ಲಿಲ್ಲ ಕಣೆ. ಸುಮ್ನೆ ಹೇಳ್ತಿದ್ದೆ.”

“ಸುಮ್ನೆ ಅನ್ನೋದು ಲೆಕ್ಕಕ್ಕಿಲ್ಲ,” ಎಂದು ಸೊಸೆ ಅತ್ತೆಯ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು.