ಬೂತಾಯಿ ಬಾರದ ವರ್ಷ

ಐವತ್ತೊಂಬತ್ತನೇ ಇಸವಿ. ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿಗಾಗಿ ಮಂಗಳೂರಿನ ಬಂದರಿನಲ್ಲಿ ಕಾಯುತ್ತಿದ್ದೆ. ಆ ವರ್ಷ ಬೂತಾಯಿ ಮೀನು ಕಡಲತೀರಕ್ಕೆ ಬಂದೇ ಇರಲಿಲ್ಲ. ನನ್ನೆದುರು ಮೀನು ಹಿಡಿಯುವ ಮೊಗವೀರರ ಕೊರಗಪ್ಪ ತನ್ನ ಮನೆತನದ ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆಯನ್ನು ತುಂಡು ಮಾಡಿ ಮಾರಲು ಕತ್ತಿ ಹಿಡಿದು ಕುಳಿತಿದ್ದ. ಮೀನೆಣ್ಣೆ ವ್ಯಾಪಾರಿ ಅಬ್ಬಾಸ್ ಬ್ಯಾರಿ ಮಸಿ ಹಿಡಿಸಿದ ಗಾಜಿನ ಚೂರಿನೊಂದಿಗೆ ಓಡಿಬಂದರು.

“ನಿಲ್ಲು ಮಾರಾಯ! ಸೂರ್ಯನಲ್ಲಿ ಕಪ್ಪು ಕಲೆ ಜಾಸ್ತಿ ಉಂಟಂತೆ. ಅದು ಕಡಿಮೆಯಾದರೆ ಮಳೆ, ನೀರು ಎಲ್ಲ ಸರಿಯಾಗಿ ಮೀನು ತಿರುಗಿ ಬರಬಹುದು ಅಂತ ಮೀನುಗಾರಿಕೆ ಆಫೀಸಿನವರು ಹೇಳ್ತಾರೆ.”

ಕೊರಗಪ್ಪ ಗಾಜಿನ ಮೂಲಕ ಸೂರ್ಯನನ್ನು ನೋಡಿದ. “ಹೌದು, ಚುಕ್ಕೆ ಉಂಟು. ಯಾವಾಗ ಹೋಗ್ತದೆ?”

“ಅದು ಅವರಿಗೂ ಸರಿ ಗೊತ್ತಿಲ್ಲ.”

“ಅಷ್ಟರವರೆಗೆ ಮಕ್ಕಳು ಎಂತ ತಿನ್ನುವುದು ಬ್ಯಾರಿಗಳೇ?”

ಅಬ್ಬಾಸರು ಗಾಜನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ಎಣ್ಣೆಯ ಹಂಡೆಗಳೂ ಬೆಂಕಿ ಕಾಣದೆ ತಿಂಗಳುಗಳಾಗಿದ್ದವು. ನಾನೂ ಗಾಜು ಕೇಳಿ ನೋಡಿದೆ. ಕೆಂಪು ಬಿಲ್ಲೆಯ ಮೇಲೆ ಎಳ್ಳಿನಷ್ಟು ಕಪ್ಪು ಕಾಣಿಸಿತು. ಇಷ್ಟಕ್ಕೆ ಒಂದು ಕಡಲು ಬರಿದಾದೀತೇ ಎಂದು ನಂಬಲಾಗಲಿಲ್ಲ.

ಕೊರಗಪ್ಪ ಬಲೆಯನ್ನು ನಡುವೆ ಕೊಯ್ದ.

“ಅರ್ಧ ಮಾರ್ತೇನೆ. ಅರ್ಧ ನಿಮ್ಮ ಗೋದಾಮಿನಲ್ಲಿ ಇರಲಿ. ಮೀನು ಬಂದರೆ ಎಳೆಯಲಿಕ್ಕೆ ಬೇಕಲ್ಲ.”

ಅಬ್ಬಾಸರು ಪಂಚೆ ಎತ್ತಿಕಟ್ಟಿ ಉಳಿಸಿದ ಅರ್ಧ ಬಲೆಯ ಒಂದು ತುದಿಯನ್ನು ಹೆಗಲಿಗೇರಿಸಿಕೊಂಡರು.