ರುಚಿ ನೋಡುವವನ ಪಥ್ಯ

ಆಗ ನಾನು ಕುರ್ಚಿಯಲ್ಲಿ ಕೂತೇ, ಮನೆಯೆಲ್ಲ ಕೇಳುವಂತೆ ಗೊರಕೆ ಹೊಡೆಯುತ್ತ ನಿದ್ದೆ ಮಾಡುತ್ತಿದ್ದೆ. ಅಂಗಾತ ಮಲಗಿದರೆ ಯಾರೋ ಗಂಟಲು ಹಿಸುಕಿದಂತಾಗಿ ಎದ್ದು ಕೂರುತ್ತಿದ್ದೆ. ವಯಸ್ಸು ಇಪ್ಪತ್ತಾರು, ಮೈ ಮಾತ್ರ ಮೂರು ಮಂದಿಯದು. ಸ್ಟೇಷನ್ ರಸ್ತೆಯ ಅಂಗಡಿಕಾರರ ಕೆಮ್ಮಿನಿಂದ ಹಿಡಿದು ನಮ್ಮಪ್ಪನ ಗದರಿಕೆಯವರೆಗೆ ಎಲ್ಲರನ್ನೂ ಅಣಕಿಸುವವನು ನಾನು. ಅಷ್ಟು ಪಾತ್ರಗಳನ್ನು ಇಟ್ಟುಕೊಳ್ಳಲು ಇಷ್ಟು ಜಾಗ ಬೇಕಲ್ಲ ಎಂದು ನನ್ನನ್ನೂ ಬಿಡುತ್ತಿರಲಿಲ್ಲ.

ಡಾಕ್ಟರು ಮಾತ್ರ ನಗಲಿಲ್ಲ. "ಹಿಂಗs ಬಿಟ್ರ, ಒಂದಿನ ಮಲಗಿದಾಂವ ಏಳಂಗಿಲ್ಲ ನೋಡು," ಅಂದರು.

ಮನೆಗೆ ಬಂದು ಆ ಮಾತನ್ನು ಅವರದೇ ಮೂಗಿನ ದನಿಯಲ್ಲಿ ಆಡಿ ತೋರಿಸಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತುಹೋಯಿತು. ನನ್ನ ಅಣಕಿಗೆ ಮನೆಯಲ್ಲಿ ಯಾರೂ ನಗದಿದ್ದುದು ಅದೇ ಮೊದಲು. ನನಗೂ ಆಗಲೇ ಎದೆ ಧಸಕ್ ಅಂದದ್ದು.

ಪಥ್ಯ ಶುರುವಾಯಿತು. ಆಸ್ಪತ್ರೆಯಲ್ಲಿ ಊಟದ ವಿಚಾರ ನೋಡುವ ಮೇಡಂ ಒಬ್ಬರು ಹೊತ್ತಿಗೆ ಒಂದು ಜೋಳದ ರೊಟ್ಟಿ, ಬಟ್ಟಲು ತುಂಬ ಪಲ್ಯ, ಮೊಳಕೆ ಕಾಳು, ತೆಳು ಮಜ್ಜಿಗೆ ಎಂದು ಬರೆದುಕೊಟ್ಟರು. ಮೊಣಕಾಲು ತಡೆಯುವುದಿಲ್ಲವೆಂದು ಮೊದಲು ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಆಮೇಲೆ ಬೆಳಿಗ್ಗೆ ಗೋಳಗುಮ್ಮಟದ ಕಡೆ ನಿಧಾನ ನಡಿಗೆ.

ಅಲ್ಲಿನ ಚಹಾದವನು ಮೊದಲ ದಿನವೇ ಶುರು ಮಾಡಿದ: "ಅಣ್ಣಾರ, ಇಷ್ಟ ದಿನಾ ಇಲ್ಲಿ ಒಂದs ಗುಮ್ಮಟ ಇತ್ರಿ."

"ಇದು ನಡ್ಯೋ ಗುಮ್ಮಟ. ಟಿಕೀಟಿಲ್ಲ, ಪುಕ್ಕಟ ನೋಡ್ಕೋ," ಅಂದೆ. ಅಷ್ಟು ಹೇಳಿ ಏದುಸಿರು ಬಂದು ಅವನ ಬೆಂಚಿನ ಮೇಲೆಯೇ ಕೂತೆ. ಬೆಂಚು ಕಿರುಗುಟ್ಟಿತು, ಅವನು ಬೆಚ್ಚಿಬಿದ್ದ.

ಅವ್ವ ದಿನಾ ಕಣ್ಣೀರು ಹಾಕುವಳು: "ಯಪ್ಪಾ, ಒಂದ ರೊಟ್ಟಿಗೆ ಎದ್ದೆಲ್ಲೋ, ಜೀವಾ ಹೆಂಗ ತಡೀತದೋ!" ಆದರೂ ನಾನು ಎರಡನೆಯದನ್ನು ಮುಟ್ಟಲಿಲ್ಲ. ಕದ್ದು ಒಂದು ಭಜಿ ತಿನ್ನಲಿಲ್ಲ. ಇಷ್ಟಾಗಿ ಅಪ್ಪನ ಜೊತೆ ಆಸ್ಪತ್ರೆಗೆ ತೂಕ ನೋಡಿಸಲು ಹೋದರೆ, ಮುಳ್ಳು ಇಳಿಯುವುದಿರಲಿ, ಏರಿತ್ತು!

"ಖರೇ ಹೇಳ್ರಿ, ಏನ ತಿನ್ನಾಕತ್ತೀರಿ?" ಮೇಡಂ ಕೇಳಿದರು.

"ಅವ್ವನ ಆಣಿಗೂ ನೀವ ಹೇಳಿದ್ದ ಬಿಟ್ಟು ಏನೂ ಇಲ್ರಿ."

"ಮತ್ತ ಗಾಳಿ ಕುಡುದು ಬೆಳ್ಯಾಕತ್ತೀರೇನು?"

ಅಪ್ಪ ಸಿಟ್ಟಾದ. "ಲೇ, ಎಲ್ಲಿ ಕದ್ದ ತಿಂತೀ ಬೊಗಳು."

ನಾನು ಹೇಳಿದ್ದು ಪೂರಾ ಸತ್ಯವಾಗಿತ್ತು. ಸತ್ಯ ಹೇಳಿಯೂ ಕಳ್ಳನಾಗಬಹುದು ಎಂದು ಗೊತ್ತಿರಲಿಲ್ಲ.

ಮೇಡಂ ಸ್ವಲ್ಪ ಮೆತ್ತಗಾಗಿ, ಕೆಲಸ ಏನು ಎಂದರು. ಮಣೂಕದ ವ್ಯಾಪಾರ ಅಂದೆ. ತಿಕೋಟಾ, ಘೋಣಸಗಿ, ಬಬಲೇಶ್ವರದ ದ್ರಾಕ್ಷಿ ತೋಟಗಳ ಶೆಡ್ಡಿಗೆ ಹೋಗಿ ಒಣದ್ರಾಕ್ಷಿ ನೋಡಿ ಕೊಳ್ಳುವುದು. ಗಾಳಿ ತಿಳಿಯಾಗಲೆಂದು ಅಪ್ಪ ಮಾಲು ನೋಡುವ ಪರಿಯನ್ನು ಎದ್ದು ನಿಂತು ಮಾಡಿ ತೋರಿಸಿದೆ. ಬಾಕ್ಸಿನ ತಳದವರೆಗೆ ಮೊಣಕೈ ಇಳಿಸುವುದು, ಮೂಸುವುದು, ರೈತನ ಎದೆ ಒಡೆಯುವಂತೆ ಮುಖ ಸಿಂಡರಿಸುವುದು. ಮೇಡಂ ನಕ್ಕರು. ಅಪ್ಪನೂ ನಕ್ಕ.

"ಮತ್ತ ನೀವು ಹೆಂಗ ನೋಡ್ತೀರಿ?"

ಮಾಲು ನೋಡುವ ನನ್ನನ್ನೇ ನಾನು ಅಣಕಿಸಿದ್ದು ಅಂದೇ ಮೊದಲು. ಇಲ್ಲದ ಬಾಕ್ಸಿಗೆ ಕೈ ಹಾಕಿದೆ. ಮೇಲಿನ ಮುಷ್ಟಿ ಬಾಯಿಗೆ ಹೋಯಿತು. ನಡುವಿನದು ಬಾಯಿಗೆ. ತಳದ್ದೂ ಬಾಯಿಗೆ. ಮುಂದಿನ ಬಾಕ್ಸಿಗೆ ಕೈ ಚಾಚುವಾಗ ನೋಡುತ್ತೇನೆ, ಮೇಡಂ ನಗು ನಿಂತಿದೆ.

"ಬಾಯಾಗ ಏನ್ ಹೋತು?"

"ತಿನ್ನಲಿಲ್ರಿ. ರುಚಿ ನೋಡಿದೆ."

"ಹಿಂಗ ಎಷ್ಟ ಬಾಕ್ಸ್ ನೋಡ್ತೀರಿ?"

ಅಪ್ಪ ಹೆಮ್ಮೆಯಿಂದ ಎದೆಯುಬ್ಬಿಸಿದ: "ಇವನ ನಾಲಿಗಿ ಭಾರಿ ಅದರಿ ಮೇಡಂ. ಒಂದೂ ಬಾಕ್ಸ್ ಬಿಡಂಗಿಲ್ಲ!"

ನಮ್ಮ ಧಂದೆಯಲ್ಲಿ ರುಚಿ ನೋಡುವುದು ಎಂದೂ ತಿನ್ನುವುದಾಗಿರಲಿಲ್ಲ. ಮೇಲಾಗಿ ಎತ್ತಿದ ಮುಷ್ಟಿಯನ್ನು ತಿರುಗಿ ಬಾಕ್ಸಿಗೆ ಸುರಿಯಬಾರದು, ಅದು ರೈತನ ಮಾಲಿಗೆ ಅವಮಾನ. ಮೇಡಂ ಒಂದು ಸ್ಟೀಲ್ ತಾಟು ತರಿಸಿದರು. ನನ್ನ ಚೀಲದಲ್ಲಿದ್ದ ಸ್ಯಾಂಪಲ್ ಪೊಟ್ಟಣಗಳನ್ನು ಬಿಚ್ಚಿಸಿ, ನಿನ್ನೆ ತಿಕೋಟಾದಲ್ಲಿ ಎತ್ತಿದಷ್ಟು ಮುಷ್ಟಿ ಸುರಿಯಿರಿ ಅಂದರು. ಸುರಿದೆ. ತಾಟು ತುಂಬಿತು, ಗುಡ್ಡೆಯಾಯಿತು, ಮೇಜಿನ ಮೇಲೆ ಚೆಲ್ಲಿತು. ಪೊಟ್ಟಣಗಳು ಮುಗಿದವು, ನಿನ್ನೆಯ ಮುಷ್ಟಿಗಳು ಮುಗಿಯಲಿಲ್ಲ.

"ನೀರ ಆರಿದ ದ್ರಾಕ್ಷಿ ಅಂದ್ರ ಉಳಿಯೋದು ಸಕ್ರೀನs," ಅಂದರು ಮೇಡಂ. "ಇಷ್ಟು ತಿಂದು, ಮನ್ಯಾಗ ಒಂದ ರೊಟ್ಟಿ ಪಥ್ಯಾ!"

ಆ ಗುಡ್ಡೆಯನ್ನು ನೋಡುತ್ತ ಅಪ್ಪ ಬಾಯಿ ಮುಚ್ಚಲೇ ಮರೆತಿದ್ದ. ನನಗೋ ಆ ರಾಶಿಯೆಲ್ಲ ಆಗತಾನೇ ಹೊಟ್ಟೆಗೆ ಇಳಿದಂತೆ ತಲೆ ತಿರುಗಿತು.

ಮುಂದಿನ ವಾರ ಬಬಲೇಶ್ವರದ ಶೆಡ್ಡಿನಲ್ಲಿ ಒಂದೇ ಕಾಳು ಎತ್ತಿ, ಉಗುರಿನಿಂದ ಸೀಳಿ ಮೂಸಿದೆ. ಬಾಯಿಗೆ ಹಾಕಲಿಲ್ಲ. ರೈತನ ಮುಖ ಕಪ್ಪಿಟ್ಟಿತು.

"ಯಾಕ್ರೀ ಸಣ್ಣ ಸಾವ್ಕಾರ್ರ, ನನ್ನ ಮಾಲಿನಾಗ ಏನ್ ವಿಷಾ ಹಾಕೀನ್ರೀ?"

"ನಿಮ್ಮ ಮಾಲಿನಾಗ ಇಲ್ರಿ ಕಾಕಾ, ನನ್ನ ಮೈಯಾಗ ಅದ."

ಅಪ್ಪ ನನ್ನ ಬದಲು ಒಂದು ಮುಷ್ಟಿ ಎತ್ತಿದ. ಬಾಯಿಯ ಹತ್ತಿರ ಒಯ್ದವನು ತನ್ನ ಹೊಟ್ಟೆ ನೋಡಿಕೊಂಡ. ಮುಷ್ಟಿಯನ್ನು ರೈತನ ಅಂಗೈಗೇ ಸುರಿದ. "ನೀವs ತಿಂದ ಹೇಳ್ರಿ."

ರೈತ ಗೊಂದಲದಲ್ಲೇ ಅಗಿದ. "ಏs, ತುಸು ಹುಳಿ ಅದರಿ ಇದು," ಅಂದುಬಿಟ್ಟ. ಅಂದ ಮೇಲೆ ತಾನೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದ. ಅಂಥ ಪ್ರಾಮಾಣಿಕ ಸೌದಾ ನಾವು ಹಿಂದೆ ಮಾಡಿರಲಿಲ್ಲ.

ಅಲ್ಲಿಂದ ತೂಕ ಇಳಿಯತೊಡಗಿತು, ಎತ್ತಿನಗಾಡಿಯ ಗತಿಯಲ್ಲಿ. ನಡಿಗೆ ಉದ್ದವಾಯಿತು. ಈಗಲೂ ನಾನು ತೆಳ್ಳಗಿಲ್ಲ, ಎರಡು ಮಂದಿಯಷ್ಟಿದ್ದೇನೆ. ಆದರೆ ಹೋದ ತಿಂಗಳು ಒಂದು ಮಧ್ಯಾಹ್ನ ಉಂಡು ಚಾಪೆಯ ಮೇಲೆ ಸುಮ್ಮನೆ ಒರಗಿದವನಿಗೆ ಯಾವಾಗ ಕಣ್ಣು ಹತ್ತಿತೋ ತಿಳಿಯದು. ಎಚ್ಚರವಾದಾಗ ಮೂಗಿನ ಕೆಳಗೆ ಅವ್ವನ ಬೆರಳಿತ್ತು, ಹಿಟ್ಟಿನ ವಾಸನೆ ಬರುತ್ತಿತ್ತು. ಬಾಗಿಲಲ್ಲಿ ಅಪ್ಪ ಬೆಳ್ಳಗೆ ಬಿಳಿಚಿ ನಿಂತಿದ್ದ.

"ಗೊರಕಿ ಸಪ್ಪಳs ಇಲ್ಲಲ್ಲೋ! ಹೋದಿ ಅನ್ಕೊಂಡೆ ಲೇ!" ಅವ್ವ ಬೆನ್ನಿಗೊಂದು ಗುದ್ದಿದಳು.

"ಮಲಗಿದ್ನೆವ್ವಾ, ಅಂಗಾತ ಮಲಗಿದ್ದೆ," ಅಂದೆ. ಅಂದಾಗಲೇ ನನಗೂ ಹೊಳೆದದ್ದು.

ಅವಳು ನಂಬಲಿಲ್ಲ. "ಎಲ್ಲಿ, ಇನ್ನೊಮ್ಮಿ ಮಲಕೋ, ನೋಡೂಣು," ಎಂದು ತಲೆಯ ಬಳಿಯೇ ಕೂತಳು. ಅಪ್ಪನೂ ಬಂದು ಕೂತ. ಇಬ್ಬರೂ ಕಣ್ಣು ಪಿಳುಕಿಸದೆ ನನ್ನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು.